ಬಾಲ ಎತ್ತಿ ನೋಡಿ

(ಪಶುವೈದ್ಯನಾದ ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರಿಗಾರರು ಮತ್ತು ಡೇರಿಗೆ ಹಾಲು ಹಾಕುವವರ ಮುಂದೆ, ಕರು ಮತ್ತು ಮರಿಗಳಿಗೆ ಹುಟ್ಟಿನಿಂದ ಬರುವ ಐಬುಗಳ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಗಂಟಿನ ಕಥೆ ಹೇಳಿಬಿಡುತ್ತೇನೆ.

ಬೆಳಿಗ್ಗೆ ಹತ್ತರ ಹೊತ್ತು. ಆಸ್ಪತ್ರೆ ಮುಂದೆ ಒಂದು ಬೈಕ್ ಬಂದು ನಿಂತಿತು. ಹಿಂದೆ ಕೂತಿದ್ದ ಹುಡುಗನ ತೊಡೆಯ ಮೇಲೆ ಕಂಬಳಿಯ ಗಂಟು. ಬಿಚ್ಚಿದರೆ ಒಳಗೊಂದು ಟಗರು ಮರಿ. ಹುಟ್ಟಿ ಮೂರು ದಿನ. ಹೊಟ್ಟೆ ಉಬ್ಬಿ ಡೋಲಿನಂತಾಗಿದೆ. ಕಿವಿ ತಣ್ಣಗಿದೆ. ಕತ್ತು ಎತ್ತಲು ಶಕ್ತಿ ಇಲ್ಲ.

"ಮೊದಲ ದಿನ ಚೆನ್ನಾಗೇ ಹಾಲು ಕುಡೀತು ಸಾರ್. ನಿನ್ನೆಯಿಂದ ಬಾಯೇ ಹಾಕ್ತಿಲ್ಲ. ಹೊಟ್ಟೆ ಉಬ್ಬರ ಅಂತ ಎಣ್ಣೆ ಕುಡಿಸಿದ್ವಿ, ಇಂಗು ಹಚ್ಚಿದ್ವಿ" ಅಂದರು ಬೈಕ್ ಓಡಿಸಿಕೊಂಡು ಬಂದವರು.

ನಾನು ಬಾಲ ಎತ್ತಿ ನೋಡಿದೆ. ಬಾಲದ ಕೆಳಗೆ ಏನೂ ಇರಲಿಲ್ಲ. ಬರೀ ನುಣ್ಣನೆಯ ಚರ್ಮ. ಸೆಗಣಿ ಹೋಗುವ ದಾರಿಯೇ ಇಲ್ಲದೆ ಹುಟ್ಟಿದ ಮರಿ ಅದು. ಮೂರು ದಿನದಿಂದ ಕುಡಿದದ್ದೆಲ್ಲ ಒಳಗೇ ಕೂತಿತ್ತು. ಆಪರೇಷನ್ ಮಾಡಿದೆ, ದಾರಿ ಮಾಡಿಕೊಟ್ಟೆ, ಸೆಗಣಿಯೂ ಬಂತು. ಆದರೆ ಅಷ್ಟು ಹೊತ್ತಿಗೆ ಮೈಯೆಲ್ಲ ವಿಷವಾಗಿತ್ತು. ರಾತ್ರಿ ಮರಿ ಸತ್ತಿತು. ಮೊದಲ ದಿನವೇ ಬಂದಿದ್ದರೆ ಅದು ಇಪ್ಪತ್ತು ನಿಮಿಷದ ಕೆಲಸ.

ಆ ಯಜಮಾನರು ಒಳ್ಳೆಯ ಕುರಿಗಾರರು. ಮಂದೆಯಲ್ಲಿ ಯಾವ ಕುರಿ ಕುಂಟುತ್ತಿದೆ ಅಂತ ದೂರದಿಂದಲೇ ಹೇಳುವವರು. ಆದರೂ ಆ ಮರಿಯ ಬಾಲ ಎತ್ತಿ ನೋಡಿರಲಿಲ್ಲ. ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಇವತ್ತು ನಾನು ಬಂದಿರುವುದು ಅದನ್ನು ಹೇಳಲಿಕ್ಕೆ.

ಕರು ಹಾಕಿದ ಕೂಡಲೇ ನಾವೆಲ್ಲ ಮಾಡುವುದೇನು? ಹೆಣ್ಣೋ ಗಂಡೋ ನೋಡುತ್ತೇವೆ. ಅದಕ್ಕಾದರೂ ಬಾಲ ಎತ್ತುತ್ತೀರಿ ಅಲ್ವಾ? ಎತ್ತಿದ್ದಾಗ ಇನ್ನೂ ಎರಡು ಅಂಗುಲ ಮೇಲೆ ನೋಡಿ. ತೂತು ಇದೆಯಾ? ಇದ್ದರೆ ಮೊದಲ ಸೆಗಣಿ ಬಂತಾ? ಅದು ಕಪ್ಪಾಗಿ, ಅಂಟಂಟಾಗಿ ಇರುತ್ತದೆ. ಗಿಣ್ಣದ ಹಾಲು ಕುಡಿದ ಮೇಲೆ ಬೇಗ ಬೀಳಬೇಕು. ಒಂದು ದಿನ ಕಳೆದರೂ ಬಾಲದ ಕೆಳಗೆ ಒಣಗಿಯೇ ಇದ್ದರೆ ಕಾಯಬೇಡಿ. ಬಾಲವೇ ಇಲ್ಲದ, ಇಲ್ಲವೇ ಮೊಂಡು ಬಾಲದ ಮರಿ ಹುಟ್ಟಿದರೆ ಮೊದಲು ಅಲ್ಲಿಯೇ ನೋಡಿ. ಬಾಲದ ಐಬು, ಗುದದ ಐಬು ಎಷ್ಟೋ ಸಲ ಜೊತೆಯಾಗಿ ಬರುತ್ತವೆ.

ಈ ಐಬಿನಲ್ಲೂ ಬೇರೆ ಬೇರೆ ಥರ ಇದೆ. ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೆಲವಕ್ಕೆ ಬಾಗಿಲು ಇರುತ್ತದೆ, ಆದರೆ ತೀರಾ ಕಿರಿದು. ಕೆಲವಕ್ಕೆ ಬಾಗಿಲಿಗೆ ಒಂದು ತೆಳು ಪರದೆ ಅಡ್ಡ. ಇನ್ನು ಕೆಲವಕ್ಕೆ ಬಾಗಿಲೂ ಇಲ್ಲ, ನಡುಮನೆಯೂ ಇಲ್ಲ. ಕರುಳು ಒಳಗೆಲ್ಲೋ ಗೋಡೆಗೆ ತಾಗಿ ಮುಗಿದಿರುತ್ತದೆ. ಎಲ್ಲಕ್ಕಿಂತ ಮೋಸದ್ದು ನಾಲ್ಕನೆಯದು. ಹೊರಗೆ ಬಾಗಿಲು ಚೆನ್ನಾಗಿಯೇ ಇರುತ್ತದೆ, ಥರ್ಮಾಮೀಟರ್ ಕೂಡ ಒಳಗೆ ಹೋಗುತ್ತದೆ. ಆದರೆ ಮೇಲೆ ದೊಡ್ಡ ಕರುಳು ತುಂಡಾಗಿರುತ್ತದೆ. ಅಂಥ ಕರು ಒಂದೆರಡು ದಿನ ಸರಿ ಇದ್ದು ಆಮೇಲೆ ಉಬ್ಬುತ್ತದೆ. ಸೆಗಣಿಯ ಬದಲು ಸ್ವಲ್ಪ ಲೋಳೆ ಬರುತ್ತದೆ.

ಪರದೆಯ ಥರದ್ದನ್ನು ಕಂಡುಹಿಡಿಯುವುದು ಸುಲಭ. ಮರಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಬಾಲದ ಕೆಳಗಿನ ಚರ್ಮ ಗುಳ್ಳೆಯಂತೆ ಹೊರಗೆ ಉಬ್ಬುತ್ತದೆ. ಮರಿ ತಿಣುಕಿದಾಗಲೂ ಹಾಗೆಯೇ. ಉಬ್ಬಿದರೆ ಕರುಳಿನ ತುದಿ ಅಲ್ಲಿಯೇ ಹತ್ತಿರದಲ್ಲಿದೆ ಅಂತ ಅರ್ಥ. ನನಗೆ ಅರ್ಧ ಧೈರ್ಯ ಬಂದ ಹಾಗೆ. ಉಬ್ಬದೇ ಇದ್ದರೆ ಎಕ್ಸ್‌ರೇ ಇರುವ ಕಡೆ ಕಳಿಸುತ್ತೇನೆ. ಅಲ್ಲಿ ಮರಿಯ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತುತ್ತಾರೆ. ಕರುಳಿನಲ್ಲಿರುವ ಗಾಳಿ ಮೇಲಕ್ಕೇರಿ ಕರುಳು ಮುಚ್ಚಿದ ತುದಿಯಲ್ಲಿ ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ. ಅಲ್ಲಿಂದ ಚರ್ಮಕ್ಕೆ ಎಷ್ಟು ದೂರ ಅಂತ ಅಳೆದರೆ ಸಾಕು. ಇದು 1930ರಲ್ಲಿ ಅಮೆರಿಕದ ವಾಂಗೆನ್‌ಸ್ಟೀನ್ ಮತ್ತು ರೈಸ್ ಎಂಬ ವೈದ್ಯರು ಮನುಷ್ಯರ ಮಕ್ಕಳಿಗಾಗಿ ಬರೆದಿಟ್ಟ ಉಪಾಯ. ನಮ್ಮ ಮರಿಗಳಿಗೂ ನಡೆಯುತ್ತದೆ.

ಆಪರೇಷನ್ ಹೇಗೆ ಅಂತ ಕೇಳುತ್ತೀರಿ. ಮಂಪರು ಕೊಟ್ಟು ಪೂರ್ತಿ ಮಲಗಿಸುವುದು ಬೇಕಿಲ್ಲ. ಮೇಜಿನ ಮೇಲೆ ಒಬ್ಬರು ಹಿಡಿದುಕೊಂಡರೆ ಸಾಕು. ಬಾಲದ ಬುಡದಲ್ಲಿ, ಇಲ್ಲವೇ ಕೊಯ್ಯುವ ಜಾಗದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಇಲ್ಲೊಂದು ಮಾತು. ಕುರಿ, ಮೇಕೆ ಮರಿಗಳಿಗೆ ಈ ಮರಗಟ್ಟಿಸುವ ಔಷಧಿ, ಲಿಗ್ನೋಕೇನ್, ಬೇಗ ಜಾಸ್ತಿಯಾಗಿಬಿಡುತ್ತದೆ. ಕೆಜಿಗೆ ಸುಮಾರು 5 ಮಿಲಿಗ್ರಾಂ ದಾಟಬಾರದು. ಮೂರು ಕೆಜಿ ಮರಿಗೆ 15 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ 2% ಔಷಧಿಯಲ್ಲಿ ಅದು ಮುಕ್ಕಾಲು ಎಂ.ಎಲ್. ಮಾತ್ರ! ಎಮ್ಮೆಗೆ ಕೊಟ್ಟು ಅಭ್ಯಾಸವಾದ ಕೈ ಐದು ಎಂ.ಎಲ್. ಎಳೆದುಬಿಟ್ಟರೆ ಮರಿ ಕಣ್ಣೆದುರೇ ಅದುರಿ ಸಾಯುತ್ತದೆ. ಅದಕ್ಕೇ ನೀರು ಬೆರೆಸಿ ತೆಳು ಮಾಡಿಕೊಳ್ಳುತ್ತೇವೆ. ಆ ನೀರೂ ಇಂಜೆಕ್ಷನ್‌ಗೆ ಅಂತಲೇ ಬರುವ ಶುದ್ಧ ನೀರು.

ಆಮೇಲೆ ಗುಳ್ಳೆಯ ಜಾಗದಲ್ಲಿ ಸಣ್ಣದಾಗಿ ದುಂಡಗೆ ಚರ್ಮ ತೆಗೆಯುತ್ತೇವೆ. ಒಳಗೆ ಬೆರಳಾಡಿಸಿ ಕರುಳಿನ ಕುರುಡು ತುದಿಯನ್ನು ಹುಡುಕುತ್ತೇವೆ. ಅದನ್ನು ಮೆಲ್ಲಗೆ ಹೊರಗೆಳೆದು ಮೊದಲು ಚರ್ಮಕ್ಕೆ ಹೊಲಿಗೆ ಹಾಕುತ್ತೇವೆ. ಬಾಯಿ ಬಿಡಿಸುವುದು ಆಮೇಲೆ. ಮೊದಲೇ ಬಿಡಿಸಿದರೆ ಸೆಗಣಿ ಒಳಗೆ ಸೋರಿ ಕೀವಾಗುತ್ತದೆ. ಬಾಯಿ ಬಿಡಿಸಿದ ಕೂಡಲೇ ಆ ಕರಿ ಸೆಗಣಿ ಚಿಮ್ಮುತ್ತದೆ ನೋಡಿ, ನನ್ನ ಅಂಗಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಅಷ್ಟು ಸಂತೋಷದಿಂದ ಸೆಗಣಿ ಮೈಮೇಲೆ ಹಾಕಿಸಿಕೊಳ್ಳುವ ಕೆಲಸ ಇನ್ನೊಂದಿಲ್ಲ.

ಮನೆಗೆ ಹೋದ ಮೇಲೆ ನಿಮ್ಮ ಕೆಲಸ ಶುರು. ಬಿಸಿನೀರು ಆರಿಸಿ ತೊಳೆಯಬೇಕು. ನೊಣ ಕೂರದಂತೆ ಮುಲಾಮು ಹಚ್ಚಬೇಕು. ಹುಳು ಬಿದ್ದರೆ ಹೊಲಿಗೆ ಎಲ್ಲ ವ್ಯರ್ಥ. ಹೊಸ ಬಾಗಿಲು ಕೆಲವು ಸಲ ಮತ್ತೆ ಕಿರಿದಾಗುತ್ತದೆ, ಆಗ ಬೆರಳಿಗೆ ಜೆಲ್ಲಿ ಹಚ್ಚಿ ಹಿಗ್ಗಿಸಬೇಕಾಗುತ್ತದೆ. ಅದನ್ನು ನಾವು ತೋರಿಸಿಕೊಡುತ್ತೇವೆ. ಬಿಗಿ ಹಿಡಿಯುವ ಸ್ನಾಯು ಸರಿಯಾಗಿ ಬೆಳೆದಿರದಿದ್ದರೆ ಸೆಗಣಿ ಸೋರುತ್ತಲೇ ಇರಬಹುದು. ಮಾಂಸಕ್ಕೆ ಬೆಳೆಸುವ ಮರಿಗೆ ಅದೇನು ದೊಡ್ಡದಲ್ಲ.

ಹೆಣ್ಣುಗರುಗಳಲ್ಲಿ ಇನ್ನೊಂದು ಇದೆ. ಗುದ ಮುಚ್ಚಿರುತ್ತದೆ, ಆದರೆ ಕರುಳಿಗೂ ಯೋನಿಗೂ ನಡುವೆ ಒಂದು ಕಳ್ಳದಾರಿ ಇರುತ್ತದೆ. ಸೆಗಣಿ ಮೂತ್ರದ ದಾರಿಯಲ್ಲೇ ಬರುತ್ತದೆ. ಇಂಥ ಕರು ಸಾಯುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಒಂದೂವರೆ ತಿಂಗಳಾದ ಮೇಲೆ ಹೆಣ್ಣುಮಗಳೊಬ್ಬಳು, ಕೊಟ್ಟಿಗೆ ಕಸ ಬಳಿಯುವವಳು, ನೋಡಿ ಹೇಳಿದ್ದುಂಟು. ಇಲ್ಲಿ ಒಂದು ಅನುಕೂಲ. ಅವಸರವಿಲ್ಲ. ಕರು ಸ್ವಲ್ಪ ಬಲಿತ ಮೇಲೆ ಕಳ್ಳದಾರಿ ಮುಚ್ಚಿ, ಸರಿಯಾದ ದಾರಿ ತೆರೆಯಬಹುದು.

ಇನ್ನು ಹೊಕ್ಕಳು. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಹೊಸತು. ಎಚ್.ಎಫ್., ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್, ಮಿಶ್ರತಳಿಯ ಎರಡು ತಿಂಗಳ ಕರು. ಹೊಕ್ಕಳಲ್ಲಿ ನಿಂಬೆಹಣ್ಣಿನ ಗಾತ್ರದ ಊತ. ಹೊಕ್ಕಳ ಕೀವು ಅಂದುಕೊಂಡೆ. ಆವತ್ತು ಬೆಳಗಿನಿಂದ ಕೀವಿನ ಗಡ್ಡೆಗಳನ್ನೇ ಬಿಡಿಸಿದ್ದೆ, ಕೈ ಅದೇ ಗುಂಗಿನಲ್ಲಿತ್ತು. ಬ್ಲೇಡ್ ಇಟ್ಟೆ. ಕೀವು ಬರಲಿಲ್ಲ. ಹೊಳೆಯುವ, ನಸುಗೆಂಪು ಕರುಳಿನ ಮಡಿಕೆ ಇಣುಕಿತು. ಅದು ಹರ್ನಿಯಾ. ಹೊಟ್ಟೆಯ ಗೋಡೆ ಹೊಕ್ಕಳ ಹತ್ತಿರ ಕೂಡಿಕೊಳ್ಳದೆ ಉಳಿದ ಸಂದಿಯಿಂದ ಕರುಳು ಚರ್ಮದ ಕೆಳಗೆ ಬಂದು ಕೂತಿತ್ತು. ಪುಣ್ಯಕ್ಕೆ ಕರುಳಿಗೆ ಬ್ಲೇಡ್ ತಾಗಿರಲಿಲ್ಲ. ತೊಳೆದು, ಒಳಗೆ ತಳ್ಳಿ, ಅಲ್ಲಿಯೇ ಗೋಡೆ ಹೊಲಿದೆ. ಕರು ಬದುಕಿತು. ಆ ಮನೆಯವರು ನನ್ನನ್ನು ಹೊಗಳಿದರು. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಹೊಕ್ಕಳ ಊತವನ್ನು ನೀವಾಗಿಯೇ ಚುಚ್ಚಬೇಡಿ. ಕಾಯಿಸಿದ ಕಬ್ಬಿಣವೂ ಬೇಡ. ಕರುವನ್ನು ಅಂಗಾತ ಮಲಗಿಸಿ ಊತವನ್ನು ಮೆಲ್ಲಗೆ ಒತ್ತಿ ನೋಡಿ. ಮೆತ್ತಗಿದ್ದು ಒಳಕ್ಕೆ ಹೋದರೆ, ಹೋದ ಮೇಲೆ ಬೆರಳಿಗೆ ಬಳೆಯಂಥ ಅಂಚು ಸಿಕ್ಕಿದರೆ, ಅದು ಹರ್ನಿಯಾ. ಬಿಸಿಯಾಗಿ, ಗಟ್ಟಿಯಾಗಿ ಇದ್ದು, ಮುಟ್ಟಿದರೆ ಒದ್ದರೆ ಕೀವು ಇರಬಹುದು. ಹೊಕ್ಕಳು ಒಣಗದೆ ಸದಾ ಹಸಿಯಾಗಿ ಮೂತ್ರದ ವಾಸನೆ ಬಂದರೆ, ಹುಟ್ಟುವ ಮುಂಚೆ ಮೂತ್ರ ಹೋಗುತ್ತಿದ್ದ ನಾಳ ಮುಚ್ಚಿಲ್ಲ ಅಂತ. ಮೂರೂ ಬೇರೆ, ಮೂರಕ್ಕೂ ಮದ್ದು ಬೇರೆ. ಕೆಲವು ಕರುಗಳಲ್ಲಿ ಕೀವೂ ಹರ್ನಿಯಾವೂ ಒಟ್ಟಿಗೇ ಇರುತ್ತವೆ. ಆಗ ಸ್ಕ್ಯಾನಿಂಗ್ ಇಲ್ಲದೆ ನಾನೂ ಕೈ ಹಾಕುವುದಿಲ್ಲ.

ಬಳೆಯಲ್ಲಿ ಎರಡು ಬೆರಳು ಹಿಡಿಸದಿದ್ದರೆ ಕಾಯಬಹುದು. ಮೂರು ನಾಲ್ಕು ತಿಂಗಳೊಳಗೆ ತಾನೇ ಮುಚ್ಚಿಕೊಳ್ಳುವುದುಂಟು. ಅದಕ್ಕಿಂತ ದೊಡ್ಡದಾದರೆ ಹೊಲಿಯಬೇಕು. ತೀರಾ ದೊಡ್ಡ ಸಂದಿಯಾದರೆ ಹೊಲಿಗೆ ಒಂದೇ ತಡೆಯುವುದಿಲ್ಲ, ಬಲೆಯ ತೇಪೆ ಹಾಕಬೇಕು. ಆ ಬಲೆಗೆ ದುಡ್ಡು ಜಾಸ್ತಿ. ಮಹಾರಾಷ್ಟ್ರದ ಹಳ್ಳಿಗಾಡಿನ ಸರ್ಜನ್ ಒಬ್ಬರು ಮನುಷ್ಯರ ಹರ್ನಿಯಾಕ್ಕೇ ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧಿ ಮಾಡಿ ಬಳಸಿ ತೋರಿಸಿದ್ದಾರೆ. ಬಡವರ ಊರಿನ ಡಾಕ್ಟರಿಗೆ ಇಂಥ ಬುದ್ಧಿ ಬೇಕೇ ಬೇಕು.

ಮಡಚಿದ ಕಾಲಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಕೊಯ್ಯುವುದಕ್ಕಿಂತ ಕಟ್ಟುವುದೇ ಹೆಚ್ಚು. ದೊಡ್ಡ ಕರು, ಇಕ್ಕಟ್ಟಿನ ಗರ್ಭಕೋಶ. ಹುಟ್ಟಿದಾಗ ಮುಂಗಾಲು ಮಡಚಿ, ಗೊರಸಿನ ಬದಲು ಗೆಣ್ಣಿನ ಮೇಲೆ ನಿಲ್ಲುತ್ತದೆ. ಸ್ವಲ್ಪವೇ ಇದ್ದರೆ ಕೆಲವೇ ದಿನಗಳಲ್ಲಿ ತಾನೇ ಸರಿಹೋಗುತ್ತದೆ. ಕೈಯಿಂದ ಎಳೆದಾಗ ನೇರವಾದರೆ, ಹತ್ತಿ ಸುತ್ತಿ, ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಟ್ಟಬಹುದು. ಬೋರ್‌ವೆಲ್ ಊರಲ್ಲಿ ಪೈಪ್ ಚೂರಿಗೇನು ಬರವೇ! ಆದರೆ ಹತ್ತಿ ದಪ್ಪಗಿರಲಿ, ಎರಡು ಮೂರು ದಿನಕ್ಕೊಮ್ಮೆ ಬಿಚ್ಚಿ ನೋಡಿ. ಕಟ್ಟಿ ಮರೆತುಬಿಟ್ಟು ಕಾಲು ಕೊಳೆತ ಕರುವನ್ನು ನೋಡಿದ್ದೇನೆ. ಎಳೆದರೂ ನೇರವಾಗದ ಕಾಲಿಗೆ ಮಾತ್ರ ಹಿಂದಿನ ನರ, ಅಂದರೆ ಸ್ನಾಯುರಜ್ಜು, ಕತ್ತರಿಸಬೇಕಾಗುತ್ತದೆ.

ನನಗೆ ತುಂಬಾ ಇಷ್ಟವಾದ ಆಪರೇಷನ್ ಅಂದರೆ ಕಣ್ಣಿನದು. ಕೆಲವು ಕರುಗಳಿಗೆ ಕಣ್ಣುಗುಡ್ಡೆಯ ಮೇಲೆ ಒಂದು ಚೂರು ಚರ್ಮ ಬೆಳೆದಿರುತ್ತದೆ. ಅದರ ಮೇಲೆ ಕೂದಲು ಬೇರೆ! ರೆಪ್ಪೆ ಮುಚ್ಚಿದಾಗೆಲ್ಲ ಚುಚ್ಚುತ್ತದೆ, ನೀರು ಸೋರುತ್ತದೆ. ಮರಗಟ್ಟಿಸಿ, ಸಣ್ಣ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸಿದರೆ ಮುಗಿಯಿತು.

ಎಲ್ಲವೂ ಹೀಗೆ ಗೆಲ್ಲುವುದಿಲ್ಲ. ಹಾಲು ಕುಡಿದಾಗ ಮೂಗಿನಿಂದ ಹಾಲು ಬಂದರೆ ಬಾಯಿಯೊಳಗೆ ಬೆರಳು ಹಾಕಿ ಅಂಗುಳ ಮುಟ್ಟಿ ನೋಡಿ. ಸೀಳಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ದೊಡ್ಡ ಸೀಳಾದರೆ ನಾನು ಆಪರೇಷನ್ ಬೇಡ ಅನ್ನುತ್ತೇನೆ. ದೊಡ್ಡ ಕರುಳು ತುಂಡಾದ ಕರುವಿಗೂ ಬಹಳ ಸಲ ಹಾಗೇ ಹೇಳುತ್ತೇನೆ. ಹೊಟ್ಟೆ ತೆರೆದು, ಕರುಳನ್ನು ಪಕ್ಕೆಯಲ್ಲಿ ಹೊರಗೆ ತಂದು ಹೊಲಿಯಬಹುದು, ಆದರೆ ಬದುಕುವುದು ಕಡಿಮೆ, ನೋವು ಜಾಸ್ತಿ. ಡಾಕ್ಟರ ಕೈಚಳಕ ತೋರಿಸಲು ಕರುವನ್ನು ಗೋಳಾಡಿಸಬಾರದು. ಈ ಸೀಮೆಯಲ್ಲಿ ದೇವರ ಎತ್ತಿನ ಮಂದೆಗಳಿವೆ, ಅಲ್ಲಿನ ಲೆಕ್ಕ ಬೇರೆ. ಅಲ್ಲಿ ಮಾರುವ ಮಾತಿಲ್ಲ, ಬೆಲೆಯ ಮಾತೂ ಇಲ್ಲ. ಆ ಮಂದೆ ಕಾಯುವ ಕಿಲಾರಿಗಳ ಹತ್ತಿರ ನಾನು ನೋವಿನ ಮಾತು ಮಾತ್ರ ಆಡುತ್ತೇನೆ. ಅವರಿಗೆ ಅರ್ಥವಾಗುತ್ತದೆ.

ಕತ್ತರಿಯೇ ಬೇಡದ ಒಂದು ಐಬಿದೆ. ಹಸು ಅವಳಿ ಹಾಕಿತು, ಒಂದು ಹೆಣ್ಣು ಒಂದು ಗಂಡು. ಮನೆಯವರಿಗೆ ಖುಷಿ. ಆದರೆ ಆ ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಬಂಜೆ. ಗರ್ಭದೊಳಗೆ ಎರಡರ ರಕ್ತ ಬೆರೆತು ಹೆಣ್ಣಿನ ಅಂಗ ಸರಿಯಾಗಿ ಬೆಳೆದಿರುವುದಿಲ್ಲ. ಗಬ್ಬ ಕಟ್ಟುತ್ತದೆ ಅಂತ ಮೂರು ವರ್ಷ ಮೇವು ಹಾಕುವ ಮುಂಚೆ ಡಾಕ್ಟರಿಗೆ ತೋರಿಸಿ. ಎಳೆಗರುವಿನಲ್ಲೇ ಒಳದಾರಿಯ ಉದ್ದ ಅಳೆದು ಬಹುಮಟ್ಟಿಗೆ ಹೇಳಬಹುದು. ಮೇಕೆ ಸಾಕುವವರಿಗೆ ಒಂದು ಮಾತು. ಬೋಳು ಹೋತವನ್ನು ಬೋಳು ಮೇಕೆಗೇ ಬಿಟ್ಟರೆ ಹೆಣ್ಣೂ ಅಲ್ಲದ ಗಂಡೂ ಅಲ್ಲದ ಮರಿ ಹುಟ್ಟಬಹುದು. ಜೋಡಿಯಲ್ಲಿ ಒಂದಕ್ಕಾದರೂ ಕೊಂಬಿರಲಿ.

ಇವೆಲ್ಲ ಯಾಕೆ ಆಗುತ್ತವೆ? "ಗ್ರಹಣ ಹಿಡಿದದ್ದು" ಅಂತಾರೆ. ಗ್ರಹಣದ ದಿನ ಗಬ್ಬದ ಹಸುವನ್ನು ಹೊರಗೆ ಬಿಡದವರೂ ಇದ್ದಾರೆ. ಒಂದು ದಿನ ಕೊಟ್ಟಿಗೆಯಲ್ಲಿ ಕಟ್ಟಿದರೆ ನಷ್ಟವಿಲ್ಲ, ಕಟ್ಟಿಕೊಳ್ಳಿ. ಆದರೆ ಗ್ರಹಣದ ಮೇಲೆ ಹಾಕಿ ಟಗರನ್ನು ಬಿಟ್ಟುಬಿಡಬೇಡಿ! ಒಂದೇ ಟಗರು ನಾಲ್ಕೈದು ವರ್ಷ ಮಂದೆಯಲ್ಲಿದ್ದರೆ ಅದು ತನ್ನ ಮಕ್ಕಳನ್ನೇ, ಮೊಮ್ಮಕ್ಕಳನ್ನೇ ಏರುತ್ತದೆ. ಅಡಗಿದ್ದ ಐಬು ಎರಡೂ ಕಡೆಯಿಂದ ಬಂದು ಕೂಡುತ್ತದೆ. ಎರಡು ವರ್ಷಕ್ಕೊಮ್ಮೆ ಬೇರೆ ಹಟ್ಟಿಯವರ ಜೊತೆ ಟಗರು ಬದಲಾಯಿಸಿ.

ಹಸುಗಳಿಗೂ ಇದೇ ನ್ಯಾಯ. ಅಮೆರಿಕದಲ್ಲಿ 1952ರಲ್ಲಿ ಆಸ್ಬರ್ನ್‌ಡೇಲ್ ಐವನ್‌ಹೋ ಅನ್ನುವ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಒಳ್ಳೆಯ ಹಾಲಿನ ತಳಿ ಅಂತ ಅದರ ವಂಶದ ವೀರ್ಯ ಊರೂರಿಗೆ ಹೋಯಿತು. ಜೊತೆಗೆ, ಕರುಗಳಿಗೆ ರೋಗ ತಡೆಯುವ ಶಕ್ತಿಯೇ ಇಲ್ಲದಂತೆ ಮಾಡುವ ಒಂದು ಐಬೂ ಹೋಯಿತು. ಅದಕ್ಕೇ ಈಗ ಹೋರಿಗಳ ರಕ್ತ ಪರೀಕ್ಷೆ ಮಾಡುತ್ತಾರೆ. ನಿಮ್ಮ ಕೈಲಾಗುವುದು ಇಷ್ಟು: ಗಬ್ಬಕ್ಕೆ ಇಂಜೆಕ್ಷನ್ ಕೊಡಿಸಿದಾಗ ಸ್ಟ್ರಾ, ಅಂದರೆ ವೀರ್ಯದ ಕೊಳವೆ, ಅದರ ಮೇಲಿನ ಹೋರಿ ನಂಬರ್ ಬರೆದಿಡಿ. ಐಬಿನ ಕರು ಹುಟ್ಟಿದರೆ ಆ ನಂಬರ್ ಹೇಳಿ. ಹೊಕ್ಕಳ ಹರ್ನಿಯಾ ಎಷ್ಟೋ ಸಲ ವಂಶದಿಂದ ಬರುತ್ತದೆ. ಹೊಲಿಸಿ ಚಂದ ಮಾಡಿದ ಹೋರಿಗರುವನ್ನು ಬೀಜಕ್ಕೆ ಬಿಡಬೇಡಿ, ಸಂತೆಯಲ್ಲಿ ಬೀಜದ ಹೋರಿ ಅಂತ ಮಾರಲೂ ಬೇಡಿ. ನಾನು ಹೊಲಿದದ್ದು ಚರ್ಮ, ರಕ್ತವನ್ನಲ್ಲ.

ಜಂತಿನ ಔಷಧಿಯದೂ ಒಂದು ಪಾಲಿದೆ. ಆಲ್ಬೆಂಡಜೋಲ್ ಒಳ್ಳೆಯ ಔಷಧಿಯೇ. ಆದರೆ ಟಗರು ಕುರಿಗಳ ಜೊತೆಗಿರುವಷ್ಟು ದಿನ, ಅದನ್ನು ಬೇರೆ ಮಾಡಿದ ಮೇಲೂ ಒಂದು ತಿಂಗಳು, ಕುರಿಗೆ ಅದನ್ನು ಕುಡಿಸಬಾರದು. ಮರಿಯ ಅಂಗಾಂಗ ಮೂಡುವ ಕಾಲ ಅದು. ಮಂದೆಗೆಲ್ಲ ಒಟ್ಟಿಗೆ ಕುಡಿಸುವಾಗ ಇದು ಮರೆತುಹೋಗುತ್ತದೆ. ಟಗರು ಬಿಡುವ ಮುಂಚೆಯೇ ಕುಡಿಸಿಬಿಡಿ.

ಗಿಡದಿಂದಲೂ ಆಗುತ್ತದೆ. ಅಮೆರಿಕದ ಐಡಹೋದಲ್ಲಿ ಹಣೆ ನಡುವೆ ಒಂದೇ ಕಣ್ಣಿನ ಮರಿಗಳು ಹುಟ್ಟುತ್ತಿದ್ದವು. ಅಲ್ಲಿನ ಸರ್ಕಾರದ ವಿಜ್ಞಾನಿಗಳು ಕುರಿಗಾರರ ಜೊತೆ ಸೇರಿ ಹುಡುಕಿದಾಗ ಸಿಕ್ಕಿದ್ದು ವೆರಾಟ್ರಮ್ ಅನ್ನುವ ಬೆಟ್ಟದ ಗಿಡ. ಗಬ್ಬ ಕಟ್ಟಿದ ಹದಿನಾಲ್ಕನೆಯ ದಿನದ ಹೊತ್ತಿಗೆ ಅದನ್ನು ಮೇಯ್ದರೆ ಮಾತ್ರ ಹಾಗಾಗುತ್ತದೆ. ಆ ಗಿಡದ ವಿಷ ದೇಹದಲ್ಲಿ ಏನು ಮಾಡುತ್ತದೆ ಅಂತ ಬೆನ್ನು ಹತ್ತಿದವರ ಕೆಲಸದಿಂದ, 2012ರಲ್ಲಿ ಮನುಷ್ಯರ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಔಷಧಿಯೂ ಬಂತು. ಕುರಿಗಾರನ ಕಣ್ಣಿಗೆ ಬಿದ್ದದ್ದು ಎಲ್ಲಿಯವರೆಗೆ ಹೋಯಿತು ನೋಡಿ.

ಪ್ರಶ್ನೆಗಳಿಗೆ ಬರೋಣ. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: "ಗುದ ಇಲ್ಲದ ಮರಿಗೆ ಹಾಲು ಕುಡಿಸ್ಬೇಕಾ, ಬೇಡ್ವಾ?" ಒಳ್ಳೆಯ ಪ್ರಶ್ನೆ ಅಮ್ಮ. ಹುಟ್ಟಿದ ಕೂಡಲೇ ಗಿಣ್ಣದ ಹಾಲು ಕುಡಿಸಿ. ಅದರ ಶಕ್ತಿಯನ್ನು ಕರುಳು ಹೀರುವುದು ಮೊದಲ ದಿನ ಮಾತ್ರ, ಅದರಲ್ಲೂ ಮೊದಲ ಆರು ಗಂಟೆ ಮುಖ್ಯ. ಕುಡಿಸಿ, ಬೆಚ್ಚಗೆ ಸುತ್ತಿಕೊಂಡು ಅವತ್ತೇ ಬನ್ನಿ. ಬರಲು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಎಣ್ಣೆ ಮಾತ್ರ ಹಾಕಬೇಡಿ, ಅದಕ್ಕೂ ಹೋಗಲು ದಾರಿ ಇಲ್ಲ.

ಹಿಂದೆ ಕೂತಿದ್ದ ಅಜ್ಜ ಕೇಳಿದರು: "ಐದು ಕಾಲಿನ ಕರು ಹುಟ್ಟಿದ್ರೆ ಕಡಿಸ್ಬೋದಾ ಸ್ವಾಮಿ? ಬಸವಣ್ಣ ಮುನಿಯಲ್ವಾ?"

ಅಂಥದ್ದೊಂದು ನನ್ನ ಹತ್ತಿರ ಬಂದಿತ್ತು. ಹೆಗಲ ಮೇಲಿಂದ ಒಂದು ಸಣ್ಣ ಕಾಲು ಜೋತಾಡುತ್ತಿತ್ತು, ತುದಿಗೆ ಗೊರಸೂ ಇತ್ತು. ಮನೆಯಲ್ಲಿ ಎರಡು ಗುಂಪು. ಮಗನಿಗೆ ತೆಗೆಸಬೇಕು, ಅಜ್ಜಿಗೆ ಬೇಡ. ಕರು ಮಲಗಿದಾಗೆಲ್ಲ ಆ ಕಾಲು ನೆಲಕ್ಕೆ ಉಜ್ಜಿ ಗಾಯವಾಗಿತ್ತು. ಗಾಯಕ್ಕೆ ಹುಳು ಬಿದ್ದ ಮೇಲೆ ಅಜ್ಜಿಯೂ ಒಪ್ಪಿದರು. ಎಕ್ಸ್‌ರೇ ತೆಗೆಸಿ, ಬೆನ್ನುಮೂಳೆಗೆ ಸೇರಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಬರೀ ಚರ್ಮ, ಮಾಂಸ ಮತ್ತು ಒಂದು ದಪ್ಪ ರಕ್ತನಾಳ. ನಾಳವನ್ನು ಎರಡು ಕಡೆ ಕಟ್ಟಿ ಕತ್ತರಿಸಿದೆ. ಒಂದು ಗಂಟೆಯೊಳಗೆ ಮುಗಿಯಿತು.

ತೆಗೆದ ಕಾಲನ್ನು ಬಕೆಟ್ಟಿಗೆ ಹಾಕಲು ಹೋದೆ. ಅಜ್ಜಿ ತಡೆದರು. "ಕೊಡಪ್ಪ ಇಲ್ಲಿ" ಅಂದರು. ಸೆರಗಿನಲ್ಲಿ ಅರಿಶಿನ ಕುಂಕುಮ ಕಟ್ಟಿಕೊಂಡೇ ಬಂದಿದ್ದರು. ಕಾಲಿಗೆ ಹಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಟೆಂಪೋ ಹತ್ತಿದರು. ಕರು ಹಿಂದೆ ನಾಲ್ಕು ಕಾಲಿನ ಮೇಲೆ ನಿಂತಿತ್ತು.